ಹಳೇ ಸೇನಾ ಕೋಟೆಯ ಜಾಗದಲ್ಲಿ ಬರೀ ಮೊಳೆ ಸಿಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾನು ಅಮೆರಿಕದ ಕ್ಯಾನ್ಸಾಸ್‌ನಲ್ಲಿ ಕೆಲಸದಲ್ಲಿದ್ದೇನೆ. ಆಫೀಸಿನ ಗೆಳೆಯರೊಬ್ಬರ ಮಾವನಿಗೆ ರಾಜ್ಯದ ಪಶ್ಚಿಮ ಭಾಗದಲ್ಲಿ ಗೋಧಿ ಹೊಲ, ಹುಲ್ಲುಗಾವಲು ಇದೆ. ಅಲ್ಲಿ 1860ರ ದಶಕದಲ್ಲಿ ಸೇನೆಯ ಗಡಿ ಕೋಟೆ ಇತ್ತಂತೆ, 1880ರ ದಶಕದ ಶುರುವಿನಲ್ಲಿ ಖಾಲಿ ಮಾಡಿದರಂತೆ. ಈಗ ನೆಲದ ಮೇಲೆ ಏನೂ ಉಳಿದಿಲ್ಲ. ಮೆಟಲ್ ಡಿಟೆಕ್ಟರ್ ಕೊಂಡು ಹುಡುಕಿದೆ. ಕೋಟೆ ಗೋಡೆ ಎಲ್ಲಿತ್ತು ಅಂತಾನೇ ಗೊತ್ತಾಗಲಿಲ್ಲ, ಸಿಕ್ಕಿದ್ದೆಲ್ಲ ಮೊಳೆ. ಮಷೀನೇ ಸರಿ ಇಲ್ವಾ? ದುಬಾರಿಯದು ತಗೊಳ್ಳಲಾ? ಮಾವ ಬಾಯಿಮಾತಲ್ಲಿ ಹೂಂ ಅಂದಿದ್ದಾರೆ, ಕಾನೂನಿನ ತೊಂದರೆ ಏನಾದರೂ ಇದೆಯಾ? ಇನ್ನೊಂದು, ಎರಡು ಇಂಚಿಗಿಂತ ಚೂರು ಉದ್ದದ ತಾಮ್ರದ ಕೊಳವೆ ಸಿಕ್ಕಿದೆ. ಒಂದು ಕಡೆ ಮುಚ್ಚಿದೆ, ತಳದ ಹತ್ತಿರ ಎದುರುಬದುರಾಗಿ ಎರಡು ಕಚ್ಚು ಇವೆ. ತಳದಲ್ಲಿ ಅಕ್ಷರ ಇಲ್ಲ, ಮಧ್ಯೆ ಒಂದು ಸಣ್ಣ ತಗ್ಗು ಇದೆ ಅಷ್ಟೆ. ಹಳೇ ಪೈಪಿನ ತುಂಡಿರಬೇಕು. ಹುಣಸೆಹಣ್ಣು ಹಚ್ಚಿ ಉಜ್ಜಿ ನೋಡಲಾ?

ಉತ್ತರ: ಉಜ್ಜಬೇಡಿ! ಹುಣಸೆಹಣ್ಣು ಅಡುಗೆಮನೆಯಲ್ಲೇ ಇರಲಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ವಸ್ತುವನ್ನ ನೀವು ಕೊನೆಯಲ್ಲಿ ಪೈಪಿನ ತುಂಡು ಅಂತ ಬರೆದಿದ್ದೀರಿ. ಅದು ಖಾಲಿ ತೋಟಾ, ಅಂದರೆ ಗುಂಡು ಹಾರಿದ ಮೇಲೆ ಬಂದೂಕಿನಿಂದ ಹೊರಗೆ ಬೀಳುವ ಕವಚ.

ಈಗಿನ ತೋಟಾದ ತಳ ನೋಡಿದರೆ ಮಧ್ಯೆ ಒಂದು ಪುಟ್ಟ ಬಿಲ್ಲೆ ಕೂತಿರುತ್ತದೆ. ಅದು ಪ್ರೈಮರ್. ಬಂದೂಕಿನ ಪಿನ್ನು ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದಿಗೆ ಬೆಂಕಿ ಹತ್ತುತ್ತದೆ. ನಿಮ್ಮದರಲ್ಲಿ ಆ ಬಿಲ್ಲೆ ಕಾಣದೇ ಇರೋದಕ್ಕೆ ಕಾರಣ, ಆಗಿನ ಅಮೆರಿಕ ಸೇನೆ ಪ್ರೈಮರನ್ನ ಒಳಗಡೆ ಇಡುತ್ತಿತ್ತು. ಒಳಗೆ ಬಟ್ಟಲಿನಂಥ ಒಂದು ಲೋಹದ ಚೂರು ಕೂರಿಸಿ, ಅದು ಅಲುಗಾಡದ ಹಾಗೆ ಹೊರಗಿನಿಂದ ಎರಡು ಕಡೆ ಒತ್ತಿ ಕಚ್ಚು ಹಾಕುತ್ತಿದ್ದರು. ನೀವು ನೋಡಿದ ಎರಡು ಕಚ್ಚು ಅವೇ. ಸೇನೆಯ ಶಸ್ತ್ರಾಸ್ತ್ರ ವಿಭಾಗದ ಅಧಿಕಾರಿ ಸ್ಟೀಫನ್ ಬೆನೆ ಹೆಸರಲ್ಲಿ ಇದಕ್ಕೆ ಬೆನೆ ಪ್ರೈಮರ್ ಅಂತಾರೆ. ಮಧ್ಯದ ತಗ್ಗು ಪಿನ್ನಿನ ಏಟು, ಅಂದರೆ ಯಾರೋ ಇದನ್ನ ಹಾರಿಸಿದ್ದಾರೆ.

ಈಗ ಸ್ಕೇಲ್ ಇಟ್ಟು ಅಳೆಯಿರಿ. ಉದ್ದ 53 ಮಿಲಿಮೀಟರ್ ಆಸುಪಾಸು, ಬಾಯಿಯ ಅಗಲ 12 ಚಿಲ್ಲರೆ ಮಿಲಿಮೀಟರ್ ಬಂದರೆ ಅದು .45-70 ಅನ್ನೋ ಅಳತೆಯ ತೋಟಾ, ಸೇನೆ 1873ರಲ್ಲಿ ಒಪ್ಪಿಕೊಂಡ ಸ್ಪ್ರಿಂಗ್‌ಫೀಲ್ಡ್ ಬಂದೂಕಿನದು. ಅದಕ್ಕಿಂತ ಗಿಡ್ಡ, 44-45 ಮಿಲಿಮೀಟರ್, ಬಾಯಿ ಇನ್ನೂ ಅಗಲ ಅಂದರೆ ಅದರ ಹಿಂದಿನ .50-70, 1866ರಿಂದ ಬಳಕೆಯಲ್ಲಿದ್ದದ್ದು. ಎರಡು ಇಂಚು ದಾಟಿದೆ ಅಂದಿದ್ದೀರಿ, ಹಾಗಾಗಿ ಮೊದಲನೆಯದೇ ಅಂತ ನನ್ನ ಲೆಕ್ಕ. ಇನ್ನು ತಳ ಬೋಳಾಗಿರೋದು. ಫಿಲಡೆಲ್ಫಿಯಾದ ಫ್ರಾಂಕ್‌ಫರ್ಡ್ ಆರ್ಸೆನಲ್, ಅಂದರೆ ಸೇನೆಯ ತೋಟಾ ಕಾರ್ಖಾನೆ, 1877ರ ಮಾರ್ಚ್‌ನಿಂದ ತಳದ ಮೇಲೆ ಗುರುತು ಒತ್ತೋಕೆ ಶುರು ಮಾಡಿತು. ಉದಾಹರಣೆಗೆ ಆರ್, ಎಫ್, 3, 78 ಅಂತ ಇದ್ದರೆ ರೈಫಲ್ಲಿಗೆ ಮಾಡಿದ್ದು, ಫ್ರಾಂಕ್‌ಫರ್ಡ್, 1878ರ ಮಾರ್ಚ್. ಆರ್ ಬದಲು ಸಿ ಇದ್ದರೆ ಕಾರ್ಬೈನಿಗೆ, ಅಂದರೆ ಕುದುರೆ ಪಡೆಯವರ ಗಿಡ್ಡ ಬಂದೂಕಿಗೆ. ನಿಮ್ಮ ತೋಟಾದ ತಳ ನಿಜಕ್ಕೂ ಬೋಳಾಗಿದ್ದರೆ, ಮಣ್ಣು ಮುಚ್ಚಿಕೊಂಡಿರೋದಲ್ಲ ಅಂತಾದರೆ, ಅದು 1873ಕ್ಕೂ 1877ಕ್ಕೂ ನಡುವೆ ತಯಾರಾಗಿದ್ದು. ಒಂದು ಬೆರಳುದ್ದದ ತಾಮ್ರ ನಾಲ್ಕು ವರ್ಷದ ಅಂತರಕ್ಕೆ ಕಾಲವನ್ನ ಹಿಡಿದು ತೋರಿಸುತ್ತಿದೆ ನೋಡಿ. ಆದರೆ ಹೊಡೆದವನು ಸಿಪಾಯಿಯೇ ಅಂತ ಇದರಿಂದ ಗೊತ್ತಾಗೋದಿಲ್ಲ. 1870ರ ದಶಕದಲ್ಲಿ ಕ್ಯಾನ್ಸಾಸ್ ಬಯಲಲ್ಲಿ ಚರ್ಮಕ್ಕಾಗಿ ಕಾಡೆಮ್ಮೆ ಹೊಡೆಯೋರು ತುಂಬಿದ್ದರು, ಅವರ ಕೈಯಲ್ಲೂ ಇದೇ ಅಳತೆಯ ಬಂದೂಕು ಇರುತ್ತಿತ್ತು. ಅದಕ್ಕೇ ಕೇಳ್ತೀನಿ, ಆ ತೋಟಾ ಹೊಲದಲ್ಲಿ ಸರಿಯಾಗಿ ಎಲ್ಲಿ ಸಿಕ್ಕಿತು? ನೀವು ಬರೆದಿಲ್ಲ. ಮರೆತಿಲ್ಲ ಅಂದರೆ ಇವತ್ತೇ ಒಂದು ಕಾಗದದಲ್ಲಿ ಗುರುತು ಹಾಕಿ. ಈ ವಿಷಯಕ್ಕೆ ಮುಂದೆ ಬರ್ತೀನಿ.

ಕಾನೂನಿನ ಮಾತು ಮುಗಿಸಿಬಿಡೋಣ, ಇದರಲ್ಲಿ ಎಡವಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜಮೀನಿನಲ್ಲಾಗಲಿ, ಬುಡಕಟ್ಟುಗಳ ಮೀಸಲು ಜಮೀನಿನಲ್ಲಾಗಲಿ 100 ವರ್ಷ ದಾಟಿದ ಇಂಥ ವಸ್ತುಗಳನ್ನ ಪರವಾನಗಿ ಇಲ್ಲದೆ ತೆಗೆಯೋದು 1979ರ ಪುರಾತತ್ವ ರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ 10,000 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು. ವಸ್ತುವಿನ ಬೆಲೆ ಮತ್ತು ಅದನ್ನ ಸರಿಪಡಿಸೋ ಖರ್ಚು ಸೇರಿ 500 ಡಾಲರ್ ದಾಟಿದರೆ ಎರಡೂ ದುಪ್ಪಟ್ಟು. ಮಷೀನು, ಗಾಡಿ ಎಲ್ಲ ಜಪ್ತಿ ಆಗಬಹುದು. ನ್ಯಾಷನಲ್ ಪಾರ್ಕ್ ಸರ್ವಿಸ್ ಜಾಗದಲ್ಲಂತೂ ಡಿಟೆಕ್ಟರ್ ಕೈಯಲ್ಲಿ ಹಿಡಿದಿರೋದೇ ತಪ್ಪು, ಬಿಚ್ಚಿ ಕಟ್ಟಿ ಗಾಡಿಯಲ್ಲಿ ಇಟ್ಟಿರಬೇಕು. ಖಾಸಗಿ ಜಮೀನಿನಲ್ಲಿ ಮಾಲೀಕರು ಒಪ್ಪಿದರೆ ಹುಡುಕಬಹುದು, ಸಿಕ್ಕಿದ್ದು ಅವರದ್ದು, ಅವರು ಕೊಟ್ಟರೆ ನಿಮ್ಮದು.

ಇಲ್ಲೇ ಬಾಯಿಮಾತಿನ ಹೂಂ ಸಾಕಾಗೋದಿಲ್ಲ. ಒಂದು ಪುಟದ ಪತ್ರ ಬರೆಸಿಕೊಳ್ಳಿ. ಯಾವ ಜಮೀನು, ಯಾವಾಗಿಂದ ಯಾವಾಗಿನವರೆಗೆ, ಸಿಕ್ಕಿದ್ದು ಯಾರಿಗೆ ಅಂತ ಅದರಲ್ಲಿರಲಿ. ಆ ಹೊಲವನ್ನ ಬೇರೆಯವರು ಗುತ್ತಿಗೆಗೆ ಉಳುತ್ತಿದ್ದರೆ ಅವರನ್ನೂ ಕೇಳಿ. ಕೌಂಟಿ ಕಚೇರಿಯ ಜಮೀನು ನಕ್ಷೆಯಲ್ಲಿ ಗಡಿ ನೋಡಿಕೊಳ್ಳಿ, ಬೇಲಿ ಇದ್ದಲ್ಲೇ ಗಡಿ ಇರುತ್ತದೆ ಅಂತ ನಂಬಬೇಡಿ. ಗಡಿ ದಾಟಿ ಪಕ್ಕದವರ ಜಾಗದಿಂದ ಅನುಮತಿ ಇಲ್ಲದೆ ತೆಗೆದಿದ್ದನ್ನ ಬೇರೆ ರಾಜ್ಯಕ್ಕೆ ಸಾಗಿಸಿದರೂ ಅದೇ ಫೆಡರಲ್ ಕಾಯ್ದೆ ಬಂದು ಕೂರುತ್ತದೆ. ಇಂಡಿಯಾನಾದಲ್ಲಿ ಒಂದು ಕಂಪನಿಯ ಜಾಗದಲ್ಲಿದ್ದ ಪ್ರಾಚೀನ ದಿಬ್ಬದಿಂದ ವಸ್ತುಗಳನ್ನ ಕದ್ದು ಸಾಗಿಸಿದ ಪ್ರಕರಣದಲ್ಲಿ 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಹೇಳಿತು. ನೀವು ವೀಸಾ ಮೇಲಿದ್ದರೆ ಒಂದು ತುಕ್ಕು ಹಿಡಿದ ಬಕಲಿಗಾಗಿ ಇಷ್ಟು ತಲೆನೋವು ಬೇಕಾ ಅಂತ ನೀವೇ ಯೋಚಿಸಿ.

ಸರಿ, ಮೊಳೆಗೆ ಬರೋಣ. ನಿಮ್ಮ ಮಷೀನು ಚೆನ್ನಾಗೇ ಇದೆ. ನೀವು ಹುಡುಕುತ್ತಿದ್ದ ಗೋಡೆ ಅಲ್ಲಿ ಇರಲೇ ಇಲ್ಲ, ಅದು ಸಮಸ್ಯೆ. ಸಿನಿಮಾದಲ್ಲಿ ತೋರಿಸೋ ಹಾಗೆ ಚೂಪು ಮರದ ದಿಮ್ಮಿಗಳ ಗೋಡೆ, ಮೂಲೆಗೊಂದು ಬುರುಜು ಎಲ್ಲ ಬಯಲುಸೀಮೆಯ ಹೆಚ್ಚಿನ ಕೋಟೆಗಳಿಗೆ ಇರಲಿಲ್ಲ. ವಯೋಮಿಂಗ್‌ನ ಫೋರ್ಟ್ ಫಿಲ್ ಕರ್ನಿಗೆ ಇತ್ತು, ಅದು ಅಪರೂಪ. ಉಳಿದವು ಸುಮ್ನೆ ಒಂದು ಚೌಕದ ಕವಾಯತು ಮೈದಾನ, ಸುತ್ತ ಸಿಪಾಯಿಗಳ ಬ್ಯಾರಕ್ಕು, ಅಧಿಕಾರಿಗಳ ಮನೆ, ಉಗ್ರಾಣ, ಆಸ್ಪತ್ರೆ, ಸ್ವಲ್ಪ ದೂರದಲ್ಲಿ ಕುದುರೆ ಲಾಯ. ಒಂದು ಊರಿನ ಹಾಗೆ. ಇದು ಕಣ್ಣಿಗೆ ಕಟ್ಟಬೇಕು ಅಂದರೆ ನಿಮ್ಮ ರಾಜ್ಯದಲ್ಲೇ ಇರುವ ಫೋರ್ಟ್ ಲಾರ್ನೆಡ್ಡಿಗೆ ಒಂದು ದಿನ ಹೋಗಿ ಬನ್ನಿ, ಅಲ್ಲಿ ಆ ಕಾಲದ ಮರಳುಗಲ್ಲಿನ ಕಟ್ಟಡಗಳು ಇನ್ನೂ ನಿಂತಿವೆ. ಅದು ನ್ಯಾಷನಲ್ ಪಾರ್ಕ್ ಸರ್ವಿಸ್ಸಿನದು, ಹಾಗಾಗಿ ಮಷೀನು ಮನೆಯಲ್ಲೇ ಬಿಟ್ಟು ಹೋಗಿ. ಬ್ಯಾರಕ್ಕಿನ ಮೆಟ್ಟಿಲ ಮೇಲೆ ನಿಂತು ಅಧಿಕಾರಿಗಳ ಮನೆ ಎಷ್ಟು ಹೆಜ್ಜೆ ದೂರ, ನೀರಿಗೆ ಯಾವ ಕಡೆ ಹೋಗುತ್ತಿದ್ದರು ಅಂತ ನೋಡಿಕೊಂಡು ಬಂದರೆ ಅರ್ಧ ಕೆಲಸ ಆದ ಹಾಗೆ.

ಮತ್ತೆ ನಿಮ್ಮ ಕೋಟೆ ಎಲ್ಲಿ ಹೋಯ್ತು? ಮರವೇ ಇಲ್ಲದ ಬಯಲದು. ಸೇನೆ ಹೊರಟ ಮೇಲೆ ಕಟ್ಟಡಗಳನ್ನ ಹರಾಜು ಹಾಕೋದು, ಜನ ಹಲಗೆ, ಕಿಟಕಿ, ಕಲ್ಲು ಎಲ್ಲ ಕಿತ್ತು ಹೊತ್ತುಕೊಂಡು ಹೋಗೋದು ಆಗಿನ ರೂಢಿ. ವಯೋಮಿಂಗ್‌ನ ಫೋರ್ಟ್ ಲಾರಮಿಯಂಥ ದೊಡ್ಡ ಠಾಣೆಯನ್ನೇ 1890ರಲ್ಲಿ ಹೀಗೆ ಹರಾಜು ಹಾಕಿದರು. ಖಾಲಿ ಬಿದ್ದ ಸೇನಾ ಜಮೀನನ್ನ ಮಾರೋಕೆ 1884ರಲ್ಲಿ ಕಾನೂನೇ ಬಂತು, ಎಷ್ಟೋ ಕೋಟೆಗಳ ಜಾಗ ರೈತರ ಕೈಗೆ ಬಂದದ್ದು ಹಾಗೆ. ಎಲ್ಲ ಹೊತ್ತೊಯ್ದರು, ಮೊಳೆ ಮಾತ್ರ ಉಳಿಯಿತು. ಅಂದರೆ ನೀವು ಬೇಜಾರಾಗಿ ಬಿಸಾಡಿದ ಮೊಳೆಗಳೇ ಕೋಟೆಯ ನಕ್ಷೆ.

ಮೊಳೆಯನ್ನ ಕೈಯಲ್ಲಿ ಹಿಡಿದು ನೋಡಿ. ದಂಡ ಚಪ್ಪಟೆ, ಎರಡು ಬದಿ ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗಿ, ತಲೆ ಚೌಕಟ್ಟಾಗಿದ್ದರೆ ಅದು ತಗಡಿನಿಂದ ಕತ್ತರಿಸಿ ಮಾಡಿದ ಹಳೇ ಮೊಳೆ. ದಂಡ ಗುಂಡಗಿದ್ದರೆ ತಂತಿಯಿಂದ ಮಾಡಿದ್ದು, ಅದು ಹೆಚ್ಚಾಗಿ ಬಳಕೆಗೆ ಬಂದದ್ದು 1890ರ ಸುಮಾರಿಗೆ, ಅಂದರೆ ನಿಮ್ಮ ಕೋಟೆ ಮುಚ್ಚಿದ ಮೇಲೆ, ಯಾವುದೋ ರೈತನ ಕೊಟ್ಟಿಗೆಯದ್ದು. ಹಳೇ ಮೊಳೆ ಬಿಲ್ಲಿನ ಹಾಗೆ ಬಾಗಿದ್ದರೆ ಹಲಗೆಯಿಂದ ಕಿತ್ತದ್ದು. ನೆಟ್ಟಗಿದ್ದರೆ ಮರ ಅಲ್ಲೇ ಕೊಳೆತಿರಬೇಕು ಇಲ್ಲಾ ಸುಟ್ಟಿರಬೇಕು. ಬೆಂಕಿಯಲ್ಲಿ ಕಾದ ಮೊಳೆಗೆ ತುಕ್ಕು ಕಡಿಮೆ ಹಿಡಿಯುತ್ತದೆ, ತೆಗೆದಾಗ ಆಶ್ಚರ್ಯ ಆಗುವಷ್ಟು ಚೆನ್ನಾಗಿರುತ್ತದೆ. ಹಾಗಾಗಿ ಮುಂದಿನ ಸಲ ಅಗೆಯಲೇಬೇಡಿ. ಡಿಸ್ಕ್ರಿಮಿನೇಷನ್, ಅಂದರೆ ಬೇಡದ ಲೋಹಕ್ಕೆ ಮಷೀನು ಸದ್ದು ಮಾಡದ ಹಾಗೆ ತಡೆಯೋ ಸೆಟ್ಟಿಂಗ್, ಪೂರ್ತಿ ತೆಗೆದು, ಕಬ್ಬಿಣದ ಸದ್ದು ಕೇಳಿಸಿಕೊಳ್ಳುತ್ತಾ ಹತ್ತು ಹತ್ತು ಹೆಜ್ಜೆಗೆ ಒಂದು ಸಾಲಿನಂತೆ ಹೊಲ ನಡೆಯಿರಿ. ಎಲ್ಲಿ ಸದ್ದು ದಟ್ಟವಾಗಿದೆ, ಎಲ್ಲಿ ಪೂರ್ತಿ ನಿಂತಿತು ಅಂತ ಕಾಗದದ ಮೇಲೆ ಬರೆಯುತ್ತಾ ಹೋಗಿ. ದಟ್ಟ ಪಟ್ಟಿಗಳು ಕಟ್ಟಡ. ಅವುಗಳ ಮಧ್ಯೆ ಸದ್ದೇ ಇಲ್ಲದ ದೊಡ್ಡ ಚೌಕ ಸಿಕ್ಕರೆ ಅದು ಕವಾಯತು ಮೈದಾನ.

ಇದಕ್ಕೆ ಕಾಗದ ಪತ್ರಗಳ ಬೆಂಬಲವೂ ಇದೆ. ಸೇನೆಯ ಸರ್ಜನ್ ಜನರಲ್ ಕಚೇರಿ 1870ರಲ್ಲಿ ಮತ್ತು 1875ರಲ್ಲಿ ಎರಡು ದೊಡ್ಡ ವರದಿ ಹೊರತಂದಿತು. ಪ್ರತಿ ಠಾಣೆಯ ವೈದ್ಯರು ತಮ್ಮ ಠಾಣೆಯ ಬ್ಯಾರಕ್ಕು ಎಷ್ಟು ಉದ್ದ, ನೀರು ಎಲ್ಲಿಂದ, ಕಕ್ಕಸು ಎಲ್ಲಿ ಅಂತೆಲ್ಲ ಬರೆದು ಕಳಿಸಿದ್ದು ಅದರಲ್ಲಿದೆ. ಪುಕ್ಕಟೆ ಓದೋಕೆ ಸಿಗುತ್ತದೆ. ಠಾಣೆಗಳ ತಿಂಗಳ ವರದಿಗಳು ಮತ್ತು ಕಟ್ಟಡ ನಕ್ಷೆಗಳು ನ್ಯಾಷನಲ್ ಆರ್ಕೈವ್ಸಿನಲ್ಲಿವೆ, ಆ ತಿಂಗಳು ಯಾವ ಕಂಪನಿ ಅಲ್ಲಿತ್ತು ಅಂತಾನೂ ತಿಳಿಯುತ್ತದೆ. ಜನರಲ್ ಲ್ಯಾಂಡ್ ಆಫೀಸ್, ಅಂದರೆ ಆಗಿನ ಸರ್ಕಾರಿ ಭೂಮಿ ಕಚೇರಿಯ ಹಳೇ ಸರ್ವೆ ನಕ್ಷೆಗಳನ್ನೂ ನೋಡಿ, ಎಷ್ಟೋ ಸಲ ಅವುಗಳಲ್ಲಿ ಸೇನಾ ಜಮೀನಿನ ಗಡಿ, ಗಾಡಿ ದಾರಿ ಗುರುತಾಗಿರುತ್ತವೆ.

ಮೊಳೆ ಹಾಸಿಗೆಯ ಮಧ್ಯೆ ಸಿಪಾಯಿಯ ಅಂಗಿ ಬಟನ್ ಇದ್ದರೂ ಮಷೀನು ಯಾಕೆ ಹೇಳಲಿಲ್ಲ ಅನ್ನೋದು ಮುಂದಿನ ಪ್ರಶ್ನೆ. ದೊಡ್ಡ ಕಾಯಿಲ್, ಅಂದರೆ ಮಷೀನಿನ ತುದಿಯಲ್ಲಿರೋ ತಟ್ಟೆಯಂಥ ಭಾಗ, ಒಂದೇ ಸಲಕ್ಕೆ ಮೂರು ಮೊಳೆ, ಒಂದು ಬಟನ್ ಎಲ್ಲವನ್ನೂ ನೋಡುತ್ತದೆ. ಎಲ್ಲ ಸೇರಿ ಒಂದೇ ಕಲಸುಮೇಲೋಗರ ಸಿಗ್ನಲ್ ಬರುತ್ತದೆ, ಕಬ್ಬಿಣದ ಪಾಲು ಜಾಸ್ತಿ ಇರೋದರಿಂದ ಮಷೀನು ಅದನ್ನ ಕಬ್ಬಿಣ ಅಂತ ತೀರ್ಮಾನಿಸಿ, ನೀವು ಡಿಸ್ಕ್ರಿಮಿನೇಷನ್ ಏರಿಸಿದ್ದರೆ, ಬಾಯಿ ಮುಚ್ಚಿಕೊಂಡು ಬಿಡುತ್ತದೆ. ಮೊಳೆ ಬೇಡ ಅಂತ ನೀವು ಮಷೀನಿಗೆ ಹೇಳಿದಾಗಲೇ ಬಟನ್ನೂ ಬೇಡ ಅಂದ ಹಾಗಾಯ್ತು. ಐದಾರು ಇಂಚಿನ ಚಿಕ್ಕ ಕಾಯಿಲ್ ಹಾಕಿ. ಡಿಸ್ಕ್ರಿಮಿನೇಷನ್ ಕಡಿಮೆ ಇಡಿ, ರಿಕವರಿ ಸ್ಪೀಡ್ ಅನ್ನೋ ಸೆಟ್ಟಿಂಗ್ ಇದ್ದರೆ ಏರಿಸಿ, ಕಾಯಿಲ್ ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ನಿಧಾನ ಬೀಸಿ. ಕಬ್ಬಿಣದ ಗೊರಗೊರ ಮಧ್ಯೆ ಒಂದು ಚಿಕ್ಕ ಸ್ಪಷ್ಟ ಕೀರಲು ಕೇಳಿದರೆ ನಿಲ್ಲಿ, ಬಲಕ್ಕೆ ತಿರುಗಿ ಅಡ್ಡಲಾಗಿ ಇನ್ನೊಮ್ಮೆ ಬೀಸಿ. ಎರಡೂ ದಿಕ್ಕಿನಿಂದ ಅದೇ ಸದ್ದು ಅದೇ ಜಾಗದಲ್ಲಿ ಬಂದರೆ ಅಗೆಯಬಹುದು, ಒಂದೇ ದಿಕ್ಕಿನಲ್ಲಿ ಬಂದರೆ ಬಹುಪಾಲು ಬಾಗಿದ ಮೊಳೆಯ ಆಟ. ಕಮ್ಮಾರನ ಕುಲುಮೆ ಇದ್ದಲ್ಲಿ ಸುಟ್ಟ ಕಲ್ಲಿದ್ದಲಿನ ಕಿಟ್ಟ ಕೂಡ ಒಳ್ಳೇ ಸಿಗ್ನಲ್ ಕೊಟ್ಟು ಏಮಾರಿಸುತ್ತದೆ.

ಎಲ್ಲಿ ಹುಡುಕಬೇಕು ಅಂದರೆ, ಕವಾಯತು ಮೈದಾನ ನನಗೆ ಅಷ್ಟೇನೂ ಇಷ್ಟ ಇಲ್ಲ. ಅದನ್ನ ಸಿಪಾಯಿಗಳೇ ಗುಡಿಸುತ್ತಿದ್ದರು. ಬ್ಯಾರಕ್ಕಿನ ಹಿಂಬದಿ, ಬ್ಯಾರಕ್ಕಿನಿಂದ ಹಳ್ಳಕ್ಕೆ ನೀರಿಗೆ ಹೋಗುವ ದಾರಿ, ಲಾಯದ ಸುತ್ತಮುತ್ತ, ಅಂಗಡಿಯವನ ಕಟ್ಟೆ, ಇವೆಲ್ಲ ಚೆನ್ನ. ಲಾಯದ ಹತ್ತಿರ ಲಾಳ, ಹಿತ್ತಾಳೆಯ ರಿವಿಟ್ಟು, ಕಡಿವಾಣದ ಮೇಲಿನ ಯುಎಸ್ ಅಕ್ಷರದ ಬಿಲ್ಲೆ ಸಿಗಬಹುದು. ಬಟ್ಟೆ ಒಗೆಯುವ ಹೆಂಗಸರ ಸಾಲು ಮನೆಗಳು ಸಾಮಾನ್ಯವಾಗಿ ನೀರಿನ ಹತ್ತಿರ ಇರುತ್ತಿದ್ದವು. ಸೇನೆಯೇ ಅವರನ್ನ ನೇಮಿಸುತ್ತಿತ್ತು, 1878ರಲ್ಲಿ ಆ ಪದ್ಧತಿ ನಿಲ್ಲಿಸಿತು. ಅಂಗಿಯಿಂದ ಉದುರಿದ ಬಟನ್ನುಗಳು, ಹೊಲಿಗೆಯ ಬೆರಳು ಟೋಪಿ, ಮಕ್ಕಳ ಆಟಿಕೆಯ ಚೂರು ಅಲ್ಲಿ ಬರುತ್ತವೆ. ಕೋಟೆ ಅಂದರೆ ಬರೀ ಗಂಡಸರ ಜಾಗ ಅಂದುಕೊಂಡವರಿಗೆ ಇದು ಹೊಸದು. ಗುರಿ ಅಭ್ಯಾಸ ಮಾಡುತ್ತಿದ್ದ ದಿಬ್ಬ ಸಿಕ್ಕರೆ ಅದರ ಎದುರಿನ ಇಳಿಜಾರಿನಲ್ಲಿ ಸೀಸದ ಗುಂಡುಗಳು ಹುದುಗಿರುತ್ತವೆ.

ಸೇನೆಯ ಬಟನ್ ಸಿಕ್ಕರೆ ಅದರ ಮೇಲೆ ಹದ್ದಿನ ಚಿತ್ರ ಇರುತ್ತದೆ, ಹದ್ದಿನ ಎದೆಯ ಮೇಲಿನ ಗುರಾಣಿ ನೋಡಿ. ಬರೀ ಗೆರೆಗಳಿದ್ದರೆ ಸಾಮಾನ್ಯ ಸಿಪಾಯಿಯದ್ದು, 1854ರಿಂದ ಶುರುವಾಗಿ 1902ರವರೆಗೂ ನಡೆದ ಮಾದರಿ. ಗುರಾಣಿ ಮೇಲೆ ಐ ಅಕ್ಷರ ಇದ್ದರೆ ಕಾಲಾಳು ಪಡೆಯ ಅಧಿಕಾರಿ, ಸಿ ಇದ್ದರೆ ಕುದುರೆ ಪಡೆ, ಎ ಇದ್ದರೆ ಫಿರಂಗಿ ಪಡೆ. ಟೋಪಿಯ ಬಿಲ್ಲೆಯಲ್ಲೂ ಕಾಲ ಇದೆ. ಕಾಲಾಳು ಪಡೆಗೆ ಮೊದಲು ಕಹಳೆ ಗುರುತು, 1875ರಿಂದ ಅಡ್ಡಡ್ಡ ಎರಡು ಬಂದೂಕು. ಸೀಸದ ಗುಂಡಿನಲ್ಲಿ ಸುತ್ತ ಮೂರು ಗೆರೆ, ತಳದಲ್ಲಿ ಟೊಳ್ಳು ಇದ್ದರೆ ಮಿನಿಯೆ ಗುಂಡು, ಮೂತಿಯಿಂದ ಮದ್ದು ತುಂಬುವ ಬಂದೂಕಿನದು, ತೂಕ 32 ಗ್ರಾಂ ಆಸುಪಾಸು. 1866ರ ಡಿಸೆಂಬರ್‌ನಲ್ಲಿ ಫೋರ್ಟ್ ಫಿಲ್ ಕರ್ನಿಯ ಹತ್ತಿರದ ಕಾಳಗದಲ್ಲಿ ಕ್ಯಾಪ್ಟನ್ ಫೆಟರ್‌ಮನ್ ಜೊತೆ ಸತ್ತ ಕಾಲಾಳುಗಳ ಕೈಯಲ್ಲಿ ಇದ್ದದ್ದು ಅಂಥ ಬಂದೂಕು. ಮರುವರ್ಷ ಆಗಸ್ಟ್‌ನಲ್ಲಿ ಅದೇ ಕೋಟೆಯ ಹತ್ತಿರ ವ್ಯಾಗನ್ ಬಾಕ್ಸ್ ಕಾಳಗ ನಡೆಯೋ ಹೊತ್ತಿಗೆ ಹಿಂದಿನಿಂದ ತುಂಬುವ .50-70 ಬಂದಿತ್ತು. ಎಂಟೇ ತಿಂಗಳು. ಹಲ್ಲಿನ ಗುರುತಿರುವ ಗುಂಡು ಸಿಕ್ಕರೆ, ಕಾಲು ಕತ್ತರಿಸುವಾಗ ಗಾಯಾಳು ಕಚ್ಚಿದ್ದು ಅಂತ ಯಾರಾದರೂ ಕಥೆ ಹೇಳುತ್ತಾರೆ. ಬಹುಪಾಲು ಹಂದಿ ಕಚ್ಚಿದ್ದು.

ಬೆಳ್ಳಿ ನಾಣ್ಯ ಸಿಗಲಿಲ್ಲ ಅಂತ ಕೊರಗಬೇಡಿ. ಸಿಪಾಯಿಗೆ 1870ರ ದಶಕದಲ್ಲಿ ತಿಂಗಳಿಗೆ 13 ಡಾಲರ್, ಅದೂ ಎರಡು ತಿಂಗಳಿಗೊಮ್ಮೆ ಬಟವಾಡೆ ಅಧಿಕಾರಿ ಬಂದರೆ. ಅಂತರ್ಯುದ್ಧ ಶುರುವಾದ ಮೇಲೆ 1870ರ ದಶಕದ ತನಕ ದೇಶದ ಹೆಚ್ಚಿನ ಕಡೆ ಓಡಾಡಿದ್ದು ಕಾಗದದ ದುಡ್ಡು. ಚಿಲ್ಲರೆಗೂ ಕಾಗದವೇ. ಕಾಗದ ಮಣ್ಣಲ್ಲಿ ಉಳಿಯೋದಿಲ್ಲ.

ಈಗ ಆ 'ಎಲ್ಲಿ ಸಿಕ್ಕಿತು' ಪ್ರಶ್ನೆ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರ ಜೂನ್ 25ರಂದು ಲಕೋಟಾ, ಶಯೆನ್ ಬುಡಕಟ್ಟುಗಳ ಯೋಧರ ಜೊತೆಗಿನ ಕಾಳಗದಲ್ಲಿ ಸೇನಾಧಿಕಾರಿ ಕಸ್ಟರನ ತುಕಡಿ ಪೂರ್ತಿ ನಾಶ ಆಯ್ತು, ಹೇಳೋಕೆ ಆ ಕಡೆಯ ಸಿಪಾಯಿ ಒಬ್ಬನೂ ಉಳಿಯಲಿಲ್ಲ. 1983ರಲ್ಲಿ ಅಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬಯಲಾಯಿತು. ಮರುವರ್ಷ ಪುರಾತತ್ವಜ್ಞರಾದ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ತಂಡ ಸರ್ವೆ ಶುರು ಮಾಡಿತು, ಅದಕ್ಕೆ ಕರೆದದ್ದು ಯಾರನ್ನ ಗೊತ್ತಾ? ನಿಮ್ಮಂಥ ಹವ್ಯಾಸಿ ಡಿಟೆಕ್ಟರ್‌ನವರನ್ನ. ಸಾಲಾಗಿ ನಿಂತು ಬೀಸುತ್ತಾ ಹೋದರು. ಸಿಗ್ನಲ್ ಬಂದಲ್ಲಿ ಒಂದು ಬಾವುಟದ ಕಡ್ಡಿ ಚುಚ್ಚಿದರು ಅಷ್ಟೆ, ಎತ್ತಲಿಲ್ಲ. ಹಿಂದೆ ಬಂದವರು ಮಣ್ಣು ಸರಿಸಿ, ವಸ್ತು ಯಾವ ದಿಕ್ಕಿಗೆ ಮಲಗಿದೆ, ಎಷ್ಟು ಆಳದಲ್ಲಿದೆ ಅಂತ ಅಳೆದು ಬರೆದ ಮೇಲೆ ತೆಗೆದರು. ಆಮೇಲೆ ಖಾಲಿ ತೋಟಾಗಳ ತಳದ ಪಿನ್ನಿನ ಗುರುತನ್ನ ಪೊಲೀಸ್ ಪ್ರಯೋಗಾಲಯದಲ್ಲಿ ಮಾಡೋ ಹಾಗೆ ಒಂದಕ್ಕೊಂದು ಹೋಲಿಸಿದರು. ಒಂದೇ ಬಂದೂಕಿನ ತೋಟಾ ಇಲ್ಲೊಂದು, ದೂರದ ಏಣಿನ ಮೇಲೊಂದು ಸಿಕ್ಕಿತು ಅಂದರೆ ಆ ಬಂದೂಕು ಹಿಡಿದವನು ಹೇಗೆ ಸರಿದು ಹೋದ ಅಂತ ನೆಲದ ಮೇಲೆ ಗೆರೆ ಎಳೆಯಬಹುದು. ಲಕೋಟಾ, ಶಯೆನ್ ಯೋಧರ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್‌ನಂಥ ಬೇಗ ಬೇಗ ಹೊಡೆಯುವ ಬಂದೂಕುಗಳು ಎಷ್ಟು ಇದ್ದವು ಅನ್ನೋದು ಗಟ್ಟಿಯಾದದ್ದೂ ಹೀಗೆ. ಆ ತೋಟಾಗಳನ್ನ ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗಿದ್ದರೆ? ಮನೆಯ ಶೋಕೇಸಿನಲ್ಲಿ ಒಂದು ಸಾಲು ತಾಮ್ರ ಇರುತ್ತಿತ್ತು.

ಹಾಗಾಗಿ ನಿಮ್ಮ ತೋಟಾ ಲಾಯದ ಹತ್ತಿರ ಸಿಕ್ಕಿತೋ, ಗುರಿ ದಿಬ್ಬದ ಎದುರು ಸಿಕ್ಕಿತೋ, ಕೋಟೆಯಿಂದ ಅರ್ಧ ಮೈಲಿ ದೂರದ ಏಣಿನ ಮೇಲೆ ಸಿಕ್ಕಿತೋ ಅನ್ನೋದು ಮುಖ್ಯ. ಸಿಪಾಯಿಯದ್ದೋ ಬೇಟೆಗಾರನದ್ದೋ ಅನ್ನೋ ಅನುಮಾನಕ್ಕೆ ಉತ್ತರ ಏನಾದರೂ ಇದ್ದರೆ ಅಲ್ಲೇ ಇದೆ. ದೊಡ್ಡ ಸಲಕರಣೆ ಏನೂ ಬೇಡ. ಬೇಲಿಯ ಒಂದು ಮೂಲೆ ಕಂಬವನ್ನ ಕಾಯಂ ಗುರುತು ಮಾಡಿಕೊಳ್ಳಿ, ಅಲ್ಲಿಂದ ಉದ್ದದ ಟೇಪಿನಲ್ಲಿ ಅಳೆಯಿರಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅದನ್ನೂ ಬರೆದುಕೊಳ್ಳಿ. ಪ್ರತಿ ವಸ್ತುವಿಗೆ ಒಂದು ಚಿಕ್ಕ ಚೀಲ, ಒಂದು ನಂಬರು, ಆಳ, ತಾರೀಖು. ಎತ್ತುವ ಮುಂಚೆ ಒಂದು ಫೋಟೋ.

ಅಗೆಯೋದು ನೇಗಿಲು ಈಗಾಗಲೇ ತಿರುವಿ ಹಾಕಿದ ಮೇಲಿನ ಪದರದಲ್ಲಿ ಮಾತ್ರ, 20-25 ಸೆಂಟಿಮೀಟರ್ ಅಂದುಕೊಳ್ಳಿ. ಅಲ್ಲಿನ ವಸ್ತು ಹೇಗೂ ಸ್ವಲ್ಪ ಅಲುಗಾಡಿರುತ್ತದೆ. ಅದರ ಕೆಳಗೆ ಬೂದಿ, ಮೂಳೆ, ಗಾಜು, ತಗಡಿನ ಡಬ್ಬ ಪದರ ಪದರವಾಗಿ ಕಂಡರೆ ನೀವು ತಿಪ್ಪೆಯನ್ನೋ ಕಕ್ಕಸಿನ ಗುಣಿಯನ್ನೋ ಮುಟ್ಟಿದ್ದೀರಿ. ಮಣ್ಣು ಮುಚ್ಚಿ, ಜಾಗ ಬರೆದುಕೊಂಡು, ಟೊಪೀಕಾದಲ್ಲಿರುವ ರಾಜ್ಯದ ಇತಿಹಾಸ ಸಂಸ್ಥೆಯ ಪುರಾತತ್ವ ವಿಭಾಗಕ್ಕೆ ತಿಳಿಸಿ. ಬಾಟಲಿ ಸಿಗುತ್ತೆ ಅಂತ ಅಂಥ ಗುಣಿಗಳನ್ನ ತಳ ಕಾಣೋವರೆಗೆ ಬಗೆಯೋರು ಇದ್ದಾರೆ, ನನಗೆ ಅದು ಕಣ್ಣೆದುರೇ ಕಡತ ಸುಟ್ಟ ಹಾಗೆ. ಅದೇ ಸಂಸ್ಥೆಯವರು ಹವ್ಯಾಸಿಗಳನ್ನ ಸೇರಿಸಿಕೊಂಡು ಅಗೆತದ ತರಬೇತಿಯನ್ನೂ ನಡೆಸುತ್ತಾರೆ, ಒಮ್ಮೆ ಸೇರಿ ನೋಡಿ.

ಎರಡು ಕಡೆ ಕೈ ಹಾಕಲೇಬಾರದು. ಒಂದು ಸ್ಮಶಾನ. ಕೋಟೆ ಮುಚ್ಚಿದಾಗ ಎಷ್ಟೋ ಕಡೆ ಸಿಪಾಯಿಗಳ ಸಮಾಧಿಗಳನ್ನ ರಾಷ್ಟ್ರೀಯ ಸ್ಮಶಾನಗಳಿಗೆ ಸಾಗಿಸಿದರು, ಆದರೆ ಎಲ್ಲರನ್ನೂ ಅಲ್ಲ. ನ್ಯೂ ಮೆಕ್ಸಿಕೋದ ಫೋರ್ಟ್ ಕ್ರೇಗ್‌ನಲ್ಲಿ ಒಬ್ಬ ಸಂಗ್ರಹಕಾರ ಕಪ್ಪು ಸಿಪಾಯಿಯೊಬ್ಬನ ದೇಹವನ್ನೇ ಅಗೆದು ಒಯ್ದಿದ್ದ ಅನ್ನೋ ಸುಳಿವು ಸಿಕ್ಕಿದ ಮೇಲೆ, 2007ರಲ್ಲಿ ಸರ್ಕಾರದ ಪುರಾತತ್ವಜ್ಞರು ಉಳಿದ 67 ಜನರ ಅವಶೇಷಗಳನ್ನ ಲೂಟಿಯಿಂದ ಉಳಿಸೋಕೆ ಸದ್ದಿಲ್ಲದೆ ತೆಗೆಯಬೇಕಾಯಿತು. ಗುರುತಿಲ್ಲದ ಸಮಾಧಿಗೂ ಕ್ಯಾನ್ಸಾಸ್‌ನಲ್ಲಿ ಕಾನೂನಿನ ರಕ್ಷಣೆ ಇದೆ. ಮನುಷ್ಯರದ್ದು ಅನ್ನಿಸುವ ಮೂಳೆ ಕಂಡರೆ ಅಲ್ಲೇ ನಿಲ್ಲಿಸಿ, ಪೊಲೀಸರಿಗೆ ತಿಳಿಸಿ.

ಇನ್ನೊಂದು ಫಿರಂಗಿ ಗುಂಡು. 12 ಪೌಂಡರ್ ಅನ್ನುವ ಪುಟ್ಟ ಫಿರಂಗಿ ಬಯಲಿನ ಕೋಟೆಗಳಲ್ಲಿ ಸಾಮಾನ್ಯ. ಅದರ ಗುಂಡು ತೆಂಗಿನಕಾಯಿ ಗಾತ್ರದ ಟೊಳ್ಳು ಕಬ್ಬಿಣ, ಒಳಗೆ ಕಪ್ಪು ಮದ್ದು. ನೂರೈವತ್ತು ವರ್ಷ ಆದರೂ ಆ ಮದ್ದು ಸತ್ತಿರೋದಿಲ್ಲ. 2008ರಲ್ಲಿ ವರ್ಜೀನಿಯಾದಲ್ಲಿ, ಇಂಥವನ್ನ ಎಷ್ಟೋ ವರ್ಷ ನಿಭಾಯಿಸಿದ್ದ ಸಂಗ್ರಹಕಾರರೊಬ್ಬರು ಅಂತರ್ಯುದ್ಧ ಕಾಲದ ಗುಂಡನ್ನ ಮನೆಯ ಅಂಗಳದಲ್ಲಿ ಸ್ವಚ್ಛ ಮಾಡುವಾಗ ಅದು ಸಿಡಿದು ತೀರಿಕೊಂಡರು. ದುಂಡಗಿನ ಭಾರದ ಕಬ್ಬಿಣ ಕಂಡರೆ ಹಾರೆ ಕೆಳಗಿಟ್ಟು ದೂರ ಬಂದು 911ಕ್ಕೆ ಫೋನ್ ಮಾಡಿ.

ಸ್ವಚ್ಛ ಮಾಡೋ ವಿಷಯ ಉಳಿಯಿತು. ತಾಮ್ರ, ಹಿತ್ತಾಳೆ ಮೇಲಿನ ಹಸಿರು ಕಿಲುಬು ಗಟ್ಟಿಯಾಗಿ ನಯವಾಗಿದ್ದರೆ ಅದೇ ಅದರ ಚರ್ಮ. ಹುಳಿ ಹಾಕಿದರೆ ಚರ್ಮದ ಜೊತೆ ಅಕ್ಷರವೂ ಹೋಗುತ್ತದೆ, ಬಟನ್ ಮೇಲಿನ ಚಿನ್ನದ ನೀರೂ ಹೋಗುತ್ತದೆ. ಖನಿಜ ತೆಗೆದ ಶುದ್ಧ ನೀರಿನಲ್ಲಿ ನೆನೆಸಿ, ಮಣ್ಣನ್ನ ಬಿದಿರು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ನೆರಳಲ್ಲಿ ಒಣಗಿಸಿ. ಅಷ್ಟೇ ಸಾಕು. ಸೀಸದ ಗುಂಡಿನ ಮೇಲಿನ ಬಿಳಿ ಪುಡಿ ವಿಷ, ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ಕಬ್ಬಿಣವನ್ನ ಸರಿಯಾಗಿ ಉಳಿಸೋದು ಬೇರೆಯೇ ವಿದ್ಯೆ. ಮೊಳೆಗಳಲ್ಲಿ ಮಾದರಿಗೆ ಒಂದೆರಡು ಇಟ್ಟುಕೊಂಡು ಮಿಕ್ಕಿದ್ದನ್ನ ಅಗೆದ ಗುಣಿಗೇ ಹಾಕಿ ಮುಚ್ಚಿ, ಗೋಧಿ ಹೊಲದಲ್ಲಿ ಟ್ರ್ಯಾಕ್ಟರ್ ಟೈರಿಗೆ ಚುಚ್ಚುವ ಹಾಗೆ ಮೇಲೆ ಬಿಡಬೇಡಿ.

ಹೊಸ ಮಷೀನು ಬೇಡ. ಇರೋದಕ್ಕೇ ಹೊಂದುವ ಚಿಕ್ಕ ಕಾಯಿಲ್ ಒಂದು, ಒಳ್ಳೇ ಪಿನ್‌ಪಾಯಿಂಟರ್ (ಗುಣಿಯಲ್ಲಿ ವಸ್ತು ಸರಿಯಾಗಿ ಎಲ್ಲಿದೆ ಅಂತ ತೋರಿಸೋ ಕೈ ಡಿಟೆಕ್ಟರ್) ಒಂದು, 50 ಮೀಟರ್ ಟೇಪ್ ಒಂದು ತಗೊಳ್ಳಿ. ಬೇಸಿಗೆಯಲ್ಲಿ ಆ ಕಡೆ ರ‍್ಯಾಟಲ್ ಹಾವು ಜಾಸ್ತಿ, ಹುಲ್ಲಿನಲ್ಲಿ ಕೈ ಇಡೋ ಮುಂಚೆ ನೋಡಿ. ಗೋಧಿ ಕಟಾವಾದ ಮೇಲೆ, ಮುಂದಿನ ಬಿತ್ತನೆಗೆ ಮುಂಚೆ ಸಿಗೋ ಬಿಡುವಿನಲ್ಲಿ ಮೊದಲು ಆ ಮೊಳೆ ಸದ್ದಿನ ನಕ್ಷೆ ಮಾಡಿ. ಅದನ್ನೂ, ತೋಟಾದ ತಳದ ಫೋಟೋವನ್ನೂ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಿ, ಬ್ಯಾರಕ್ಕು ಯಾವ ಕಡೆ ಇತ್ತು ಅಂತ ಒಟ್ಟಿಗೆ ನೋಡೋಣ.